ಸೇರು, ಪಾವು, ಕೊಳಗ: ಎರಡು ಕೋಣೆಯ ಮ್ಯೂಸಿಯಂನಲ್ಲಿ ಒಂದು ಪ್ರದರ್ಶನ ಕಟ್ಟಿದ ಲೆಕ್ಕ

ನಮ್ಮ ಊರಿನ ಮ್ಯೂಸಿಯಂ ಅಂದರೆ ಎರಡು ಕೋಣೆ, ಮುಂದೊಂದು ಜಗಲಿ, ಮೇಲೆ ಹಂಚಿನ ಮಾಡು. ಶಿವಮೊಗ್ಗ ಜಿಲ್ಲೆಯ ಮಲೆನಾಡು ಸೀಮೆ, ಹಾಗಾಗಿ ವರ್ಷದಲ್ಲಿ ನಾಲ್ಕು ತಿಂಗಳು ಗೋಡೆ ಬೆವರುತ್ತೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಇಲ್ಲಿ ಬಂದು ಧೂಳು ಹೊಡೆಯೋದು, ಚೀಟಿ ಬರೆಯೋದು ನನ್ನ ಪಾಲಿಗೆ ಬಂದ ಕೆಲಸ. ಸಂಬಳ ಇಲ್ಲ, ಬೀಗದ ಕೈ ಇದೆ.

ಮೇ 18 ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. 2025ರಲ್ಲಿ ಅದು ಭಾನುವಾರವೇ ಬಿದ್ದಿತ್ತು. ಏನಾದರೂ ಮಾಡೋಣ ಅಂತ ಸಮಿತಿಯವರು 15,000 ರೂಪಾಯಿ ಕೊಟ್ಟರು. ಶಾಸನ, ವೀರಗಲ್ಲು ಅಂತ ಹೊರಟರೆ ಜನ ದೂರದಿಂದ ಕೈ ಮುಗಿದು ಹೋಗುತ್ತಾರೆ. ಎಲ್ಲರ ಅಟ್ಟದಲ್ಲೂ ಬಿದ್ದಿರೋ ವಸ್ತು ಬೇಕಿತ್ತು. ಹಳೇ ಅಳತೆ-ತೂಕ ಅಂತ ತೀರ್ಮಾನ ಆಯಿತು. ಸೇರು, ಪಾವು, ಚಟಾಕು, ಸಿದ್ದೆ, ಕೊಳಗ, ತಕ್ಕಡಿ, ತೂಕದ ಬಟ್ಟು. ಸುಲಭ ಅಂದುಕೊಂಡಿದ್ದೆವು.

ಮುಂದೆ ಯಾರಾದರೂ ಇಂಥದ್ದು ಮಾಡೋದಾದರೆ ಉಪಯೋಗ ಆಗಲಿ ಅಂತ ಡೈರಿಯಿಂದ ತೆಗೆದು ಬರೆಯುತ್ತಿದ್ದೇನೆ. ಸರಿಯಾಗಿದ್ದಕ್ಕಿಂತ ಕೆಟ್ಟಿದ್ದೇ ಜಾಸ್ತಿ ಇದೆ.

ಮಾರ್ಚ್ 2. ಪಟ್ಟಿ

ನಮ್ಮಲ್ಲಿ ಮೊದಲೇ ಇದ್ದದ್ದು 17 ವಸ್ತು. ಊರಲ್ಲಿ ಕೇಳಿ ತಂದದ್ದು 14. ಒಟ್ಟು 31.

ಮೊದಲ ತಪ್ಪು ಇಲ್ಲೇ. ತಂದ ದಿನವೇ ಯಾರ ಮನೆಯದು ಅಂತ ಬರೆದುಕೊಳ್ಳಲಿಲ್ಲ. "ನೆನಪಿರುತ್ತೆ ಬಿಡಿ" ಅಂತ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದೆ. ಒಂದು ವಾರಕ್ಕೆ ಎರಡು ಹಿತ್ತಾಳೆ ಪಾವು ಅಕ್ಕಪಕ್ಕ ನಿಂತವು, ಅವಳಿ ಜವಳಿ ಹಾಗೆ. ಯಾವುದು ಯಾರದ್ದು? ಕೊನೆಗೆ ಒಂದರ ಹೊಟ್ಟೆ ಮೇಲೆ ಚುಕ್ಕಿ ಹೊಡೆದು ಬರೆಸಿದ ಹೆಸರು ಸಿಕ್ಕಿ ಬಚಾವಾದೆ. ಮೊದಲೆಲ್ಲ ಪಾತ್ರೆ ಅಂಗಡಿಯಲ್ಲೇ ಹೆಸರು ಹೊಡೆಸಿಕೊಂಡು ಬರುತ್ತಿದ್ದರಲ್ವಾ, ಆ ಥರದ ಚುಕ್ಕಿ ಅಕ್ಷರ.

ಆಮೇಲೆ ಒಂದು ನೂರು ಪುಟದ ಪುಸ್ತಕ ತಂದು ರಿಜಿಸ್ಟರ್ ಮಾಡಿದೆ. ಪ್ರತಿ ವಸ್ತುವಿಗೆ ನಂಬರು, ನಾಲ್ಕು ಕಡೆಯಿಂದ ಫೋಟೋ, ಎಲ್ಲಿ ಚಪ್ಪಟೆಯಾಗಿದೆ, ಎಲ್ಲಿ ಬಿರುಕು, ತೂಕ, ಕೊಟ್ಟವರ ಸಹಿ. ನಂಬರಿನ ಚೀಟಿಯನ್ನು ಹತ್ತಿ ದಾರದಲ್ಲಿ ಕಟ್ಟಿ, ಪೆನ್ಸಿಲ್‌ನಲ್ಲಿ ಬರೆದೆ. ಸ್ಟಿಕ್ಕರ್ ಅಂಟಿಸಬೇಡಿ. ಅದರ ಗೋಂದು ಹಿತ್ತಾಳೆ ಮೇಲೆ ಚೌಕಾಕಾರದ ಕಲೆ ಉಳಿಸುತ್ತೆ. ಅದೂ ನಮ್ಮ ಅನುಭವವೇ, ಆದರೆ ಹಳೇದು.

ಮಾರ್ಚ್ 9. ಹುಣಸೆಹಣ್ಣಿನ ಕಥೆ

ಹಿತ್ತಾಳೆ ಪಾತ್ರೆ ಕಪ್ಪಾಗಿದ್ದರೆ ಏನು ಮಾಡುತ್ತೀರಿ? ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತೀರಿ. ನಾನೂ ಅದನ್ನೇ ಮಾಡಿದೆ. ಆರು ಪಾತ್ರೆ, ಅರ್ಧ ಗಂಟೆ. ದೇವರ ಮನೆಯ ದೀಪದ ಹಾಗೆ ಫಳಫಳ. ಫೋಟೋ ತೆಗೆದು ಸಮಿತಿಯವರಿಗೆ ಕಳಿಸಿದೆ, ಎಲ್ಲರೂ ಭೇಷ್ ಅಂದರು.

ಎಂಟು ದಿನಕ್ಕೆ ಅದೇ ಆರರಲ್ಲಿ ನಾಲ್ಕಕ್ಕೆ ಹಸಿರು ಕಿಲುಬು. ಚುಕ್ಕಿ ಅಕ್ಷರದ ಗುಂಡಿಗಳ ಒಳಗೇ ಸರಿಯಾಗಿ ಕೂತಿತ್ತು. ಉಪ್ಪು ಪೂರ್ತಿ ಹೋಗಿರಲಿಲ್ಲ. ಮನೆಯಲ್ಲಾದರೆ ದಿನಾ ತೊಳೆದು ದಿನಾ ಬಳಸುತ್ತೇವೆ, ಗೊತ್ತಾಗೋದಿಲ್ಲ. ಇಲ್ಲಿ ಉಜ್ಜಿ ಸುಮ್ನೆ ಇಟ್ಟಿದ್ದೆ. ಅದಕ್ಕಿಂತ ಬೇಜಾರಿನ ವಿಷಯ ಇನ್ನೊಂದು. ಎಪ್ಪತ್ತೋ ಎಂಬತ್ತೋ ವರ್ಷ ಕೈ ತಾಗಿ ತಾಗಿ ಸೇರಿನ ಒಂದು ಪಕ್ಕ ಮಾತ್ರ ನಯವಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಹಿಡಿದ ಕೈಯ ಗುರುತು ಅದು. ಅದನ್ನು ಅರ್ಧ ಗಂಟೆಯಲ್ಲಿ ತೆಗೆದುಹಾಕಿದೆ. ವಾಪಸ್ ತರೋಕೆ ಬರಲ್ಲ.

ಕಿಲುಬಿಗೆ ಮಾಡಿದ ರಿಪೇರಿ ಹೀಗೆ: ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್, 5 ಲೀಟರಿನ ಎರಡು ಕ್ಯಾನ್. ಪಾತ್ರೆಗಳನ್ನು ಅದರಲ್ಲಿ ಮುಳುಗಿಸಿ, ದಿನಕ್ಕೊಮ್ಮೆ ನೀರು ಬದಲಾಯಿಸಿ, ನಾಲ್ಕು ದಿನ. ಗುಂಡಿಗಳಲ್ಲಿದ್ದ ಹಸಿರನ್ನು ಬಿದಿರು ಕಡ್ಡಿಯ ತುದಿಯಿಂದ ನಿಧಾನಕ್ಕೆ ಎಬ್ಬಿಸಿದೆ. ಪಿನ್ನು ಬೇಡ, ಗೀರು ಬೀಳುತ್ತೆ. ಹೆಂಡತಿಯ ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಬಣ್ಣ ಇಲ್ಲದ ಮೇಣವನ್ನು ಹಳೇ ಪಂಚೆಯ ತುಂಡಿನಿಂದ ತೆಳ್ಳಗೆ ಸವರಿದೆ. ಜೂನ್ ತನಕ ಕಿಲುಬು ಮತ್ತೆ ಬಂದಿಲ್ಲ. ಉಳಿದ ಹಿತ್ತಾಳೆ ಪಾತ್ರೆಗಳಿಗೆ ಒಣ ಬ್ರಶ್ ಬಿಟ್ಟು ಬೇರೇನೂ ತಾಗಿಸಲಿಲ್ಲ. ಪ್ರದರ್ಶನದಲ್ಲಿ ಕಪ್ಪು ಪಾತ್ರೆ, ಹೊಳೆಯೋ ಪಾತ್ರೆ ಅಕ್ಕಪಕ್ಕ ಇದ್ದವು. ಬಂದವರೆಲ್ಲ ಹೊಳೆಯೋದನ್ನೇ ಹೊಗಳಿದರು. ಇರಲಿ.

ಮಾರ್ಚ್ 16. ಗ್ರೈಂಡರ್

ಇದನ್ನು ಬರೆಯೋಕೆ ಮನಸ್ಸಿಲ್ಲ, ಆದರೂ ಬರೆಯಲೇಬೇಕು.

ದಿನಸಿ ಅಂಗಡಿ ಶೆಟ್ರು ಅವರ ತಂದೆ ಕಾಲದ ಕಬ್ಬಿಣದ ಬಟ್ಟುಗಳನ್ನು ಕೊಟ್ಟಿದ್ದರು. ಎಂಟು. ತುಕ್ಕು ಹಿಡಿದು ಅಂಕಿ ಕಾಣುತ್ತಿರಲಿಲ್ಲ. ವೆಲ್ಡಿಂಗ್ ಶಾಪಿನಿಂದ ಆಂಗಲ್ ಗ್ರೈಂಡರ್ ತಂದು, ತಂತಿ ಬ್ರಶ್ಶಿನ ಚಕ್ರ ಹಾಕಿ, ಮೊದಲ ಬಟ್ಟಿನ ಮೇಲೆ ಇಟ್ಟೆ. ಹತ್ತು ಸೆಕೆಂಡ್. ತುಕ್ಕು ಹೋಯಿತು. ಅಂಕಿ ಕಂಡಿತು. ತಿರುಗಿಸಿ ಕೆಳಗೂ ಹಿಡಿದೆ.

ಕಬ್ಬಿಣದ ಬಟ್ಟಿನ ಕೆಳಗೆ ಒಂದು ಗುಳಿ ಇರುತ್ತೆ. ಅದರಲ್ಲಿ ಸೀಸ ತುಂಬಿರುತ್ತಾರೆ. ತೂಕ ಸರಿಮಾಡೋದು ಆ ಸೀಸದಲ್ಲೇ, ಅಳತೆ ಇಲಾಖೆಯವರು ಪರೀಕ್ಷೆ ಮಾಡಿ ಮುದ್ರೆ ಒತ್ತೋದೂ ಆ ಸೀಸದ ಮೇಲೇ. ಸೀಸ ಎಷ್ಟು ಮೆದು ಅಂದರೆ ಉಗುರಲ್ಲೇ ಗೀರಬಹುದು. ತಂತಿ ಬ್ರಶ್ಶಿಗೆ ಅದು ಬೆಣ್ಣೆ. ಮುದ್ರೆ ಎಲ್ಲಿತ್ತೋ ಅಲ್ಲಿ ಬರೀ ಹೊಳೆಯೋ ಬಿಲ್ಲೆ ಉಳಿಯಿತು. ಅದರಲ್ಲಿ ಏನಿತ್ತು, ಯಾವ ವರ್ಷದ ಗುರುತು, ಇನ್ನು ಯಾರಿಗೂ ಗೊತ್ತಾಗೋದಿಲ್ಲ.

ಗ್ರೈಂಡರ್ ಅವತ್ತೇ ವಾಪಸ್ ಕೊಟ್ಟೆ. ಉಳಿದ ಏಳಕ್ಕೆ ಹೀಗೆ ಮಾಡಿದೆ: ಸೀಸದ ಭಾಗಕ್ಕೆ ಮೇಣ ಮೆತ್ತಿ ಮುಚ್ಚಿ, ಕಬ್ಬಿಣದ ಭಾಗಕ್ಕೆ ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು, ಹಳೇ ಹಲ್ಲುಜ್ಜೋ ಬ್ರಶ್ಶು ಮತ್ತು ತೆಂಗಿನ ನಾರಿನಲ್ಲಿ ಉಜ್ಜಿದೆ. ಒಂದೊಂದಕ್ಕೆ ಮುಕ್ಕಾಲು ಗಂಟೆ. ಏಳರಲ್ಲಿ ಐದರ ಮುದ್ರೆ ಕಾಣಿಸಿತು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಕಾಫಿ ಕುಡಿಯಿರಿ.

ಶೆಟ್ರಿಗೆ ಹೇಳೋಕೆ ಮೂರು ದಿನ ಬೇಕಾಯಿತು. ಹೋಗಿ ಹೇಳಿದೆ. ಬಟ್ಟನ್ನು ತಿರುಗಿಸಿ ನೋಡಿದರು. "ಈ ಮುದ್ರೆ ಒತ್ತಿಸೋಕೆ ನಮ್ಮಪ್ಪ ಎಲ್ಲ ಬಟ್ಟು ಗೋಣಿಚೀಲದಲ್ಲಿ ಹೊತ್ಕೊಂಡು ಹೋಗಿ ಸಾಲಲ್ಲಿ ನಿಲ್ತಿದ್ರು ಮೇಷ್ಟ್ರೇ. ನಾನೂ ಜೊತೆಗೆ ಹೋಗ್ತಿದ್ದೆ, ಬನ್ ಕೊಡಿಸ್ತಾರೆ ಅಂತ." ಅಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆ ಬಟ್ಟಿನ ಚೀಟಿಯಲ್ಲಿ ಹೀಗೆ ಬರೆದೆ: "ಈ ಬಟ್ಟಿನ ಮುದ್ರೆ ಸ್ವಚ್ಛ ಮಾಡುವಾಗ ನಮ್ಮ ತಪ್ಪಿನಿಂದ ಅಳಿಸಿಹೋಗಿದೆ." ಸಮಿತಿಯಲ್ಲಿ ಒಬ್ಬರಿಗೆ ಅದು ಇಷ್ಟವಾಗಲಿಲ್ಲ. ನಾನು ತೆಗೆಯಲಿಲ್ಲ.

ಮಾರ್ಚ್ 30, ಏಪ್ರಿಲ್ 6. ಒಂದು ಸೇರು ಅಂದರೆ ಎಷ್ಟು?

ಚೀಟಿ ಬರೆಯೋಕೆ ಕೂತೆ. ಮೊದಲನೇದು: "ಸೇರು. 1 ಸೇರು = 933 ಗ್ರಾಂ." ಇಂಟರ್‌ನೆಟ್ಟಿನಲ್ಲೂ ಇದೆ, ಲೆಕ್ಕವೂ ಸರಿ. ಒಂದು ತೊಲ 11.66 ಗ್ರಾಂ, ಹಳೇ ಬೆಳ್ಳಿ ರೂಪಾಯಿಯ ತೂಕ. 80 ತೊಲ ಒಂದು ಸೇರು. 40 ಸೇರು ಒಂದು ಮಣ, ಅಂದರೆ 37.32 ಕಿಲೋ.

ಸಂಜೆ ಬಂದ ನಿವೃತ್ತ ಶಾನುಭೋಗರ ಮನೆಯ ಅಜ್ಜರೊಬ್ಬರು ಇದನ್ನು ಓದಿ, "ಇದು ಯಾವ ಊರಿನ ಮಣ?" ಅಂದರು. ಹಳೇ ಮೈಸೂರು ಸೀಮೆಯಲ್ಲಿ ಕಚ್ಚಾ ಸೇರು ಅಂದರೆ 24 ತೊಲ. 280 ಗ್ರಾಂ. ಅಂಥ 40 ಸೇರಿನ ಮಣ 11 ಕಿಲೋ ಚಿಲ್ಲರೆ. ನಮ್ಮ ಕಡೆ ಬೆಲ್ಲ ತೂಗುತ್ತಿದ್ದದ್ದು ಈ ಮಣದಲ್ಲೇ ಅಂತ ಅವರ ನೆನಪು. ಒಂದೇ ಹೆಸರು, ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಅಷ್ಟಕ್ಕೇ ಮುಗಿಯಲಿಲ್ಲ. ಮೇಜಿನ ಮೇಲಿದ್ದ ಸೇರುಗಳು ತೂಕದವಲ್ಲ, ಅಳೆಯೋ ಪಾತ್ರೆಗಳು. ಅವಕ್ಕೆ ಗ್ರಾಂ ಲೆಕ್ಕ ಬರೆದದ್ದೇ ತಪ್ಪು. ಚೀಟಿ ಹರಿದುಹಾಕಿ, ಒಂದೊಂದನ್ನೂ ನಾವೇ ಅಳೆಯೋಣ ಅಂತ ಕೂತೆವು. ಶಾಲೆಯ ಪ್ರಯೋಗಾಲಯದಿಂದ 1 ಲೀಟರಿನ ಅಳತೆ ಜಾಡಿ ತಂದೆ. ನೀರು ಹಾಕಿದರೆ ಕಬ್ಬಿಣಕ್ಕೆ ತುಕ್ಕು, ಬಿದಿರಿನದು ಸೋರುತ್ತೆ. ಅದಕ್ಕೆ ಸಾಸಿವೆ, ಎರಡು ಕಿಲೋ. ಸೇರಿಗೆ ಸಾಸಿವೆ ತುಂಬು, ಸ್ಕೇಲಿನಿಂದ ತಲೆ ಸವರು, ಜಾಡಿಗೆ ಸುರಿ, ಓದು. ಪ್ರತಿ ಸೇರಿಗೆ ಮೂರು ಸಲ, ಮಧ್ಯದ ಅಂಕಿ ಬರೆದುಕೊಳ್ಳೋದು.

ಐದು ಸೇರು ಸಿಕ್ಕಿದ್ದು ಹೀಗೆ: 985, 1,020, 1,045, 1,110, 1,165 ಮಿಲಿ. ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ 180 ಮಿಲಿ, ಹತ್ತಿರ ಹತ್ತಿರ ಮುಕ್ಕಾಲು ಪಾವಿನ ವ್ಯತ್ಯಾಸ (ಪಾವು ಅಂದರೆ ಕಾಲು ಸೇರು). ಐದೂ ಮನೆಯವರು ನಮ್ಮದು "ಸರಿಯಾದ ಸೇರು" ಅಂತ ಹೇಳಿಯೇ ಕೊಟ್ಟಿದ್ದರು.

ಆಮೇಲೆ ಅಕ್ಕಿ. ತಲೆ ಸವರಿ ಒಂದು ಸಲ, ಗೋಪುರ ಬರೋ ಹಾಗೆ ತುಂಬಿ ಒಂದು ಸಲ, ಎರಡನ್ನೂ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟೆವು. ಇಲ್ಲಿ ನನಗೆ ನಿಜಕ್ಕೂ ಆಶ್ಚರ್ಯ ಆಯಿತು.

ಕಬ್ಬಿಣದ ಸೇರು ಉದ್ದಕ್ಕಿದೆ. ಬಾಯಿ 9.5 ಸೆಂಟಿಮೀಟರ್ ಅಗಲ, 1,110 ಮಿಲಿ. ತಲೆ ಸವರಿದರೆ 910 ಗ್ರಾಂ ಅಕ್ಕಿ. ಹಿತ್ತಾಳೆ ಸೇರು ಕುಳ್ಳಗಿದೆ. ಬಾಯಿ 12.5 ಸೆಂಟಿಮೀಟರ್, 1,045 ಮಿಲಿ. ತಲೆ ಸವರಿದರೆ 857 ಗ್ರಾಂ. ಅಂದರೆ ಹಿತ್ತಾಳೇದು ಚಿಕ್ಕದು, ಅನುಮಾನವೇ ಇಲ್ಲ. ಈಗ ಗೋಪುರ ತುಂಬಿ. ಕಬ್ಬಿಣದ್ದು 972. ಹಿತ್ತಾಳೇದು 998. ಚಿಕ್ಕ ಸೇರು ದೊಡ್ಡ ಸೇರನ್ನು ಮೀರಿಸಿತು. ಬಾಯಿ ಅಗಲ ಇದ್ದಷ್ಟೂ ಮೇಲಿನ ಗೋಪುರ ದೊಡ್ಡದು. ಸೇರಿಗೆ ಸವ್ವಾಸೇರು ಅಂತಾರಲ್ಲ, ಅದನ್ನು ಕಣ್ಣಾರೆ ಕಂಡೆ.

ಗೋಪುರ ಕಟ್ಟಿ ಅಳೆಯಬೇಕೋ, ಸವರಿ ಅಳೆಯಬೇಕೋ ಅನ್ನೋದು ಆಗ ಎಷ್ಟು ದೊಡ್ಡ ಪ್ರಶ್ನೆ ಆಗಿದ್ದಿರಬೇಕು, ಯೋಚಿಸಿ. ಗೇಣಿ ಅಳೆಯೋ ಕಣದಲ್ಲಿ ಆ ಒಂದು ಅಂಗೈ ಸವರುವಿಕೆಗೆ ವರ್ಷಕ್ಕೆ ಎಷ್ಟು ಕೊಳಗ ಆಗುತ್ತಿತ್ತೋ.

ಪ್ರದರ್ಶನದ ನಟ್ಟನಡುವೆ ಈ ಎರಡೇ ಸೇರು ಇಡೋದು ಅಂತ ಅವತ್ತೇ ನಿರ್ಧಾರ ಮಾಡಿದೆ. ಎಲ್ಲ ಚೀಟಿಯಲ್ಲೂ "1 ಸೇರು = ಇಷ್ಟು" ಅನ್ನೋ ಸಾಲು ತೆಗೆದು, "ಈ ಸೇರು ಹಿಡಿಯೋದು ಇಷ್ಟು" ಅಂತ ಹಾಕಿದೆ.

ಏಪ್ರಿಲ್ 13ರಿಂದ 27. ಪೆಟ್ಟಿಗೆ

18 ಎಂಎಂ ಪ್ಲೈವುಡ್, 8 ಅಡಿಗೆ 4 ಅಡಿ, ಒಂದು ಶೀಟು. ತಳಕ್ಕೆ 6 ಅಡಿ 2 ಅಡಿ ಕತ್ತರಿಸಿ, ಅಷ್ಟೇ ಅಳತೆಯ ಇನ್ನೊಂದು ತುಂಡಿನಿಂದ 8 ಇಂಚಿನ ಪಟ್ಟಿಗಳು. ಮೇಲೆ 5 ಎಂಎಂ ಗಾಜು, 3 ಅಡಿಯ ಎರಡು ತುಂಡು. ಕಾಲಿಗೆ ಶಾಲೆಯ ಮುರಿದ ಬೆಂಚಿನ ಮರ. ಆಚಾರ್ರು ಎರಡು ದಿನದಲ್ಲಿ ಮುಗಿಸಿದರು.

ಎತ್ತರ ಹೇಳಿದ್ದು ನಾನು. ಕಾಲು 36 ಇಂಚು ಅಂದೆ, ನನಗೆ ನಿಂತು ನೋಡೋಕೆ ಹಿತವಾಗಿರಲಿ ಅಂತ. ಅದರ ಮೇಲೆ ಪೆಟ್ಟಿಗೆ 8 ಇಂಚು. ಐದನೇ ಕ್ಲಾಸಿನ ಹುಡುಗಿ ಬಂದು ನಿಂತಳು, ಅವಳಿಗೆ ಕಂಡಿದ್ದು ಪ್ಲೈವುಡ್ ಮಾತ್ರ. ಆಚಾರ್ರು ಏನೂ ಮಾತಾಡದೆ ಗರಗಸ ತೆಗೆದು ನಾಲ್ಕೂ ಕಾಲಿನಿಂದ ಹತ್ತತ್ತು ಇಂಚು ಇಳಿಸಿದರು. ಬೆಂಚಿನ ಮರ ಒಳ್ಳೇದು, ವ್ಯರ್ಥ ಆಯಿತು.

ಪೆಟ್ಟಿಗೆಯ ಎತ್ತರ ಮಾತ್ರ ಅದೃಷ್ಟಕ್ಕೆ ಸರಿಹೋಯಿತು. ಗೋಪುರ ಸೇರಿ ಕಬ್ಬಿಣದ ಸೇರು 19 ಸೆಂಟಿಮೀಟರ್, ಗಾಜಿಗೆ ಅರ್ಧ ಇಂಚು ಬಾಕಿ. ಅಳೆದು ಮಾಡಿದ್ದಲ್ಲ, ಸುಮ್ನೆ ಆಗಿದ್ದು.

ಹೊಸ ಪ್ಲೈವುಡ್ಡಿನ ವಾಸನೆ ಮೂರು ವಾರವಾದರೂ ಹೋಗಲಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಅಂಥ ಗಾಳಿ ಕೂತರೆ ಸೀಸಕ್ಕೆ ಬಿಳಿ ಪುಡಿ ಹಿಡಿಯುತ್ತೆ. ಒಂದು ಸಲ ಸೀಸ ಕೆಡಿಸಿದ್ದು ಸಾಕಾಗಿತ್ತು. ಬಟ್ಟುಗಳನ್ನೆಲ್ಲ ಪೆಟ್ಟಿಗೆಯಿಂದ ಹೊರಗೆ, ಗೋಡೆಯ ಕಲ್ಲಿನ ಗೂಡಿನಲ್ಲಿ ಇಟ್ಟೆ. ಅಲ್ಲೇ ಚೆನ್ನಾಗಿ ಕಂಡವು ಕೂಡ.

ಅಕ್ಕಿಯ ಗೋಪುರದ್ದು ಬೇರೆ ಪಾಡು. ಮೊದಲು ನಿಜವಾದ ಅಕ್ಕಿಯೇ ತುಂಬಿ ಇಟ್ಟೆ. ಸೋಮವಾರ ಬೆಳಿಗ್ಗೆ ಬೀಗ ತೆಗೆದರೆ ಒಂದು ಗೋಪುರ ಕುಸಿದಿತ್ತು, ಇನ್ನೊಂದು ಇರಲೇ ಇಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ವೈರ್ ಬಿಡೋಕೆ ಕೊರೆದ ತೂತಿನಿಂದ ಇಲಿ ಬಂದು ಊಟ ಮಾಡಿ, ಹಿಕ್ಕೆ ಬಿಟ್ಟು ಹೋಗಿತ್ತು. ಎರಡನೇ ಪ್ರಯತ್ನ: ಥರ್ಮಾಕೋಲನ್ನು ಗೋಪುರದ ಆಕಾರಕ್ಕೆ ಕೆತ್ತಿ, ಫೆವಿಕಾಲ್ ಬಳಿದು, ಮೇಲೆ ಅಕ್ಕಿ ಉದುರಿಸಿ ಅಂಟಿಸೋದು. ಒಂದು 3.2 ಸೆಂಟಿಮೀಟರ್ ಎತ್ತರ, ಇನ್ನೊಂದು 4.2. ನಿಜವಾಗಿ ಅಳೆದ ಎತ್ತರವೇ. ಕಣ್ಣಿಗೆ ಚೆಂದ ಅಂತ ಇನ್ನೊಂದು ಚೂರು ಎತ್ತರಿಸೋ ಆಸೆ ಆಗಿತ್ತು, ತಡೆದುಕೊಂಡೆ. ವೈರಿನ ತೂತಿಗೆ ಸ್ಟೀಲ್ ಜುಂಗು ತುರುಕಿದೆ.

ಅಕ್ಕಸಾಲಿಗರ ಮನೆಯಿಂದ ಬಂದ ಚಿಕ್ಕ ತಕ್ಕಡಿ ಜೊತೆ ಗುಲಗಂಜಿ ಇತ್ತು. ಲೆಕ್ಕದ ಪ್ರಕಾರ 96 ಗುಲಗಂಜಿ ಒಂದು ತೊಲ. ನಾವು 96 ಎಣಿಸಿ ತೂಗಿದರೆ 10.7 ಗ್ರಾಂ ಬಂತು, ಸುಮಾರು ಒಂದು ಗ್ರಾಂ ಕಡಿಮೆ. ಆ ಅಂಕಿಯನ್ನೂ ಹಾಗೇ ಬರೆದೆ. ಗುಲಗಂಜಿ ವಿಷ, ಮಕ್ಕಳು ಕಚ್ಚಿ ಅಗಿದರೆ ಜೀವಕ್ಕೇ ಅಪಾಯ. ಅದಕ್ಕೆ ಗಾಜಿನ ಶೀಶೆಯಲ್ಲಿ ಹಾಕಿ ಮುಚ್ಚಳಕ್ಕೆ ಅರಗು ಹಾಕಿದೆ. "ಮುಟ್ಟಬೇಡಿ" ಅಂತ ಬೋರ್ಡ್ ಹಾಕೋದು ಮಕ್ಕಳಿಗೆ ಕರೆಯೋಲೆ ಕೊಟ್ಟ ಹಾಗೆ.

ಮೇ 4. ಫಲಕಗಳು

ಮೂರು ಫಲಕ. ಮೊದಲನೇದು ಕೆಳದಿಯ ಶಿವಪ್ಪ ನಾಯಕನದ್ದು. ನಮ್ಮ ಜಿಲ್ಲೆಯಲ್ಲಿ ನೆಲದ ಅಳತೆ ಅಂದಮೇಲೆ ಅವನಿಲ್ಲದೆ ಆಗಲ್ಲ. 1645ರಿಂದ 1660ರವರೆಗೆ ಆಳಿದವನು. ಜಮೀನನ್ನು ಐದು ದರ್ಜೆ ಮಾಡಿ ಕಂದಾಯ ನಿಗದಿ ಮಾಡಿದ, ಆ ನಿಗದಿಗೇ ಶಿಸ್ತು ಅನ್ನುತ್ತಿದ್ದರು, ಅದಕ್ಕೇ "ಶಿಸ್ತಿನ ಶಿವಪ್ಪ ನಾಯಕ". ಆ ಕಾಲದಲ್ಲಿ ನೆಲದ ಲೆಕ್ಕವೇ ಬೀಜದಲ್ಲಿ. ಒಂದು ಖಂಡುಗದ ಗದ್ದೆ ಅಂದರೆ ಒಂದು ಖಂಡುಗ ಬೀಜ ಹಿಡಿಯೋ ನೆಲ. 20 ಕೊಳಗ ಒಂದು ಖಂಡುಗ. ಎರಡನೇ ಫಲಕ ರೂಪಾಯಿ-ಆಣೆ: 16 ಆಣೆ, 64 ಪೈಸೆ, 192 ಕಾಸು, 1957ರ ಏಪ್ರಿಲ್ 1ರಿಂದ 100 ನಯಾ ಪೈಸೆ. ಮೂರನೇದು 1958ರ ಅಕ್ಟೋಬರ್ 1ರಿಂದ ಹಂತ ಹಂತವಾಗಿ ಬಂದ ಕಿಲೋ.

ಮೊದಲ ಫಲಕಕ್ಕೆ 420 ಪದ ಬರೆದಿದ್ದೆ. ಎಂಟನೇ ಕ್ಲಾಸಿನ ಹುಡುಗನಿಗೆ ಕೊಟ್ಟು ಗಟ್ಟಿಯಾಗಿ ಓದು ಅಂದೆ. ಮೂರನೇ ಸಾಲಿಗೆ ಆಕಳಿಸಿದ. 90 ಪದಕ್ಕೆ ಇಳಿಸಿದೆ.

ಪ್ರಿಂಟಿನಲ್ಲಿ 900 ರೂಪಾಯಿ ಮಣ್ಣುಪಾಲು. ಪ್ರಿಂಟ್ ಅಂಗಡಿಯ ಕಂಪ್ಯೂಟರಿನ ಹಳೇ ಸಾಫ್ಟ್‌ವೇರಿಗೆ ಯೂನಿಕೋಡ್ ಕನ್ನಡ ಅರ್ಥವಾಗದೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. "ಶಿವಪ್ಪ"ನ ಒತ್ತು ಪಕ್ಕಕ್ಕೆ ಸರಿದು "ಶಿವಪ್‌ಪ" ಆಗಿದ್ದ. ಪ್ರೂಫ್ ಮೊಬೈಲಿನಲ್ಲಿ ಕಳಿಸಿದ್ದರು, ನಾನು ಬಸ್ಸಿನಲ್ಲಿ ಕೂತು ನೋಡದೆಯೇ "ಓಕೆ" ಒತ್ತಿದ್ದೆ. ಹಾಗಾಗಿ ದುಡ್ಡು ನನ್ನ ಲೆಕ್ಕಕ್ಕೇ. ಎರಡನೇ ಸಲ ನಾನೇ ಮನೆಯಲ್ಲಿ 300 ಡಿಪಿಐ ಚಿತ್ರವಾಗಿ ಉಳಿಸಿ ಕೊಟ್ಟೆ. ಅಕ್ಷರ ಚಿತ್ರವಾಗಿದ್ದರೆ ಯಾವ ಕಂಪ್ಯೂಟರೂ ಒಡೆಯೋಕಾಗಲ್ಲ.

ಜೊತೆಗೆ ಒಂದು ಹಳೇ ಕಡದ ಪುಸ್ತಕ ಇತ್ತು. ಕಾಲಿಗೆ ಒಂದು ಗೆರೆ, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು ಗೆರೆ ಎಳೆದು ಬರೆದ ಲೆಕ್ಕ. ಓದೋಕೆ ಚೆಂದ. ಆದರೆ ಯಾರು ಎಷ್ಟು ಭತ್ತ ಸಾಲ ತಗೊಂಡಿದ್ದರು ಅಂತ ಹೆಸರು ಸಮೇತ ಇದೆ. ಅವರ ಮೊಮ್ಮಕ್ಕಳು ಇದೇ ಊರಿನಲ್ಲಿದ್ದಾರೆ. ಹೆಸರಿನ ಸಾಲಿನ ಮೇಲೆ ಒಂದು ಕಾಗದದ ಪಟ್ಟಿ ಇಟ್ಟು ಮುಚ್ಚಿದೆ, ಅಂಟಿಸಲಿಲ್ಲ. ಪುಸ್ತಕದ ಮೇಲೆ ಲೈಟು ಬೀಳದ ಹಾಗೆ ಎಲ್‌ಇಡಿ ಪಟ್ಟಿಯನ್ನು ತಿರುಗಿಸಿದೆ. ಮೊಬೈಲಿನ ಬೆಳಕು ಅಳೆಯೋ ಆ್ಯಪ್‌ನಲ್ಲಿ ಸುಮಾರು 50 ಲಕ್ಸ್ ಬರೋವರೆಗೆ.

ಮೇ 11. ತಕ್ಕಡಿ

ದೊಡ್ಡ ತಕ್ಕಡಿ ನೇತುಹಾಕಿದರೆ ಖಾಲಿ ಇದ್ದಾಗಲೇ ಒಂದು ಕಡೆ ವಾಲುತ್ತಿತ್ತು. ಸರಪಳಿ ಬಿಚ್ಚಿ ಉದ್ದ ಅಳೆದೆ, ಸಮ ಇತ್ತು. ದಂಡಿಗೆ ಎರಡೂ ಕಡೆ 15 ಇಂಚು. ಅರ್ಧ ದಿನ ಹೋಯಿತು. ಆಮೇಲೆ ಆಚಾರ್ರು ತಟ್ಟೆಯ ಕೆಳಗೆ ಕೈ ಸವರಿ ನಕ್ಕರು. ಕಲ್ಲಿನಂತೆ ಒಣಗಿದ ಹುಣಸೆಹಣ್ಣಿನ ಉಂಡೆ ಅಂಟಿಕೊಂಡಿತ್ತು. 22 ಗ್ರಾಂ. ವಾಲಿಕೆ ಸರಿಮಾಡೋಕೆ ಅಂಟಿಸಿದ್ದೋ, ಬೇರೆ ಉದ್ದೇಶಕ್ಕೋ, ದೇವರಿಗೇ ಗೊತ್ತು. ತೆಗೆಯಲಿಲ್ಲ. ಇನ್ನೊಂದು ತಟ್ಟೆಗೆ 22 ಗ್ರಾಂ ಮರಳು ಪೊಟ್ಟಣ ಕಟ್ಟಿ ಸಮ ಮಾಡಿದೆ.

ಮೇ 17, ರಾತ್ರಿ

ಗುಡುಗು ಸಮೇತ ಮಳೆ. ಬೆಳಿಗ್ಗೆ ಪೆಟ್ಟಿಗೆಯ ಗಾಜಿನ ಒಳಗೆ ಹಬೆ. ನೀಲಿ ಸಿಲಿಕಾ ಜೆಲ್ ಒಂದು ಕಿಲೋ ತಂದಿದ್ದೆ, ಆದರೆ ಪ್ಲಾಸ್ಟಿಕ್ ಕವರ್ ಬಿಚ್ಚದೆ ಹಾಗೇ ಒಳಗಿಟ್ಟಿದ್ದೆ! ಬಿಚ್ಚಿ, ತೆಳು ಬಟ್ಟೆಯಲ್ಲಿ ನಾಲ್ಕು ಗಂಟು ಕಟ್ಟಿ ಮೂಲೆಗಿಟ್ಟೆ. ಹತ್ತು ಗಂಟೆಗೆ ಗಾಜು ತಿಳಿಯಾಯಿತು.

ಮೇ 18. "ನಿಮ್ಮ ಮನೆ ಸೇರು ತನ್ನಿ"

ಹತ್ತು ಮನೆಯವರು ತಂದರೆ ಹೆಚ್ಚು ಅಂದುಕೊಂಡಿದ್ದೆವು. 27 ಸೇರು ಬಂದವು. ಒಂದನ್ನು ಅಳೆದು, ತೂಗಿ, ಕಪ್ಪು ಹಲಗೆ ಮೇಲೆ ಬರೆಯೋಕೆ ನಾಲ್ಕು ನಿಮಿಷ. ಲೆಕ್ಕ ಹಾಕಿ, ಸುಮಾರು ಎರಡು ಗಂಟೆ. ಹನ್ನೊಂದೂವರೆಗೆ ಇದ್ದ ಭಾಷಣ ಒಂದು ಗಂಟೆಗೆ ಹೋಯಿತು, ಆಮೇಲೆ ಹಸಿವಿನಲ್ಲಿ ಕರಗಿಯೇ ಹೋಯಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮೊದಲ ಸೇರಿಗೆ ನಾನು ಸ್ಟೀಲ್ ಡಬ್ಬಿಯಿಂದ ಅಕ್ಕಿ ಸುರಿದು "ಒಂದು" ಅಂದೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮುಂದೆ ಬಂದು ಸೇರು ಕಸಿದುಕೊಂಡರು. "ಒಂದು ಅಂತಾರೇನೋ ಮಾರಾಯ? ಲಾಭ ಅನ್ನು." ಸೇರನ್ನೇ ಅಕ್ಕಿಯ ರಾಶಿಗೆ ಒತ್ತಿ, ಎಡಗೈಯಿಂದ ಅಕ್ಕಿ ಎಳೆದುಕೊಂಡು, ಒಂದೇ ತಿರುವಿಗೆ ಗೋಪುರ ನಿಲ್ಲಿಸಿದರು. ಒಂದು ಕಾಳೂ ಉರುಳಲಿಲ್ಲ. ನನ್ನ ಗೋಪುರಕ್ಕಿಂತ ಅವರದ್ದು 31 ಗ್ರಾಂ ಜಾಸ್ತಿ. ಪೆಟ್ಟಿಗೆಯ ಥರ್ಮಾಕೋಲ್ ಗೋಪುರ ನೋಡಿ, "ಇದು ಅಳೆಯೋಕೆ ಬಾರದವರ ಕೈದು" ಅಂದುಬಿಟ್ಟರು. ನನ್ನ 998 ಗ್ರಾಂ ಲೆಕ್ಕ ಅಲ್ಲಿಗೆ ಬಿತ್ತು. ಚೀಟಿಯಲ್ಲಿ "ಡ್ರಾಯಿಂಗ್ ಮೇಷ್ಟ್ರು ಅಳೆದಾಗ" ಅಂತ ಪೆನ್ಸಿಲ್‌ನಲ್ಲಿ ಸೇರಿಸಿದೆ.

ಅವರ ಇನ್ನೊಂದು ಬೈಗುಳ: ತಳದ ಮುದ್ರೆ ಕಾಣಲಿ ಅಂತ ನಾನು ಎರಡು ಸೇರನ್ನು ಬೋರಲು ಹಾಕಿದ್ದೆ. "ಮದುವೆಯಾಗಿ ಬಂದವಳು ಹೊಸ್ತಿಲ ಮೇಲೆ ತುಂಬಿದ ಸೇರು ಒದ್ದು ಒಳಗೆ ಬರ್ತಾಳೆ. ನೀನು ಬೋರಲು ಹಾಕಿದೀಯ." ಅಲ್ಲೇ ಸರಿಮಾಡಿದೆ. ಮುದ್ರೆ ತೋರಿಸೋಕೆ ಸೇರನ್ನು ಎರಡು ಮರದ ತುಂಡಿನ ಮೇಲೆ ಎತ್ತಿ ಕೂರಿಸಿ, ಕೆಳಗೆ ಕನ್ನಡಿ ಚೂರು ಇಟ್ಟೆ. ಮೊದಲೇ ಹೊಳೆಯಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ತಪ್ಪು. ಒಂದೇ ಮನೆಯಿಂದ ಎರಡು ಸೇರು ಬಂದವು. ನೋಡೋಕೆ ಒಂದೇ ಥರ, ಒಂದೇ ಹೆಸರಿನ ಚುಕ್ಕಿ ಅಕ್ಷರ. ಒಂದು 940 ಮಿಲಿ, ಇನ್ನೊಂದು 1,090. ಹಲಗೆ ಮೇಲೆ ಮನೆಯ ಹೆಸರಿನ ಮುಂದೆ ಎರಡೂ ಅಂಕಿ ಬರೆದೆ, ಗಟ್ಟಿಯಾಗಿ ಓದಿಯೂ ಹೇಳಿದೆ. ಹಿಂದಿನಿಂದ ಒಬ್ಬರು ಹಿರಿಯರು, "ಒಂದು ಕೊಡೋ ಸೇರು, ಒಂದು ತಗೊಳ್ಳೋ ಸೇರು" ಅಂದರು. ಜಗಲಿ ತುಂಬಾ ನಗು. ಸೇರು ತಂದಿದ್ದ ಹುಡುಗ, ಕಾಲೇಜಿಗೆ ಹೋಗೋನು, ನಗಲಿಲ್ಲ. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟುಹೋದ.

ಕಡದ ಪುಸ್ತಕದ ಹೆಸರುಗಳನ್ನು ಕಾಗದ ಇಟ್ಟು ಮುಚ್ಚಿದವನು ನಾನೇ. ಹಲಗೆ ಮೇಲೆ ಹೆಸರು ಬರೆದವನೂ ನಾನೇ. ಆಮೇಲಿನ ಸೇರುಗಳಿಗೆಲ್ಲ ಬರೀ ನಂಬರು ಹಾಕಿದೆ. ಸಂಜೆ ಆ ಹುಡುಗನ ಮನೆಗೆ ಹೋದೆ. ಅವನ ತಾಯಿ ಕಾಫಿ ಕೊಟ್ಟರು, ಸೇರಿನ ಮಾತು ಎತ್ತಲಿಲ್ಲ. ನಾನೇ ಎತ್ತಿ ತಪ್ಪಾಯಿತು ಅಂದೆ. "ಅದು ಎಲ್ಲರ ಮನೇಲೂ ಇತ್ತು ಬಿಡಿ, ನಮ್ಮವನು ಎರಡನ್ನೂ ತಂದ ಅಷ್ಟೇ" ಅಂದರು. ಮುಂದಿನ ಸಲ ತಂದವರಿಗೆ ಮೊದಲು ಅಂಕಿ ತೋರಿಸಿ, ಬರೆಯಲಾ ಅಂತ ಕೇಳಿ, ಆಮೇಲೆ ಹಲಗೆ.

ಖರ್ಚು

ಪ್ಲೈವುಡ್ 2,400. ಗಾಜು 2,150. ಆಚಾರ್ರ ಕೂಲಿ 2,400. ಪೇಂಟು 680. ಎಲ್‌ಇಡಿ ಪಟ್ಟಿ, ಅಡಾಪ್ಟರ್ 850. ಫಲಕ 2,700, ಕೆಟ್ಟ ಫಲಕ 900. ಸಿಲಿಕಾ ಜೆಲ್ 320. ಡಿಸ್ಟಿಲ್ಡ್ ವಾಟರ್ 200. ಮೇಣ 380. ಅಕ್ಕಿ 25 ಕಿಲೋ 1,450. ಸಾಸಿವೆ 240. ಮಂಡಕ್ಕಿ, ಟೀ 1,100. ದಾರ, ಕನ್ನಡಿ, ಥರ್ಮಾಕೋಲ್, ಫೆವಿಕಾಲ್ ಇತ್ಯಾದಿ 415. ಒಟ್ಟು 16,185. ಹೆಚ್ಚಾದ 1,185ರಲ್ಲಿ 900 ನನ್ನದು, ಉಳಿದದ್ದು ಮ್ಯೂಸಿಯಂ ಡಬ್ಬಿಯದು. ಅಕ್ಕಿ ಅಂಗನವಾಡಿಗೆ ಕೊಟ್ಟೆವು. ಸಾಸಿವೆ ನಮ್ಮ ಮನೆಯಲ್ಲಿದೆ, ಇನ್ನೂ ಆರು ತಿಂಗಳು ಒಗ್ಗರಣೆಗೆ ತೊಂದರೆ ಇಲ್ಲ.

ಜೂನ್ 8

ಎರವಲು ತಂದ 14ರಲ್ಲಿ 13 ವಾಪಸ್ ಕೊಟ್ಟು ಸಹಿ ಹಾಕಿಸಿಕೊಂಡೆ. ಶೆಟ್ರ ಎಂಟು ಬಟ್ಟು ಒಂದೇ ನಂಬರಿನಲ್ಲಿ ಬರೆದಿದ್ದೆ, ಅದೂ ತಪ್ಪು, ಎಂಟು ನಂಬರು ಬೇಕಿತ್ತು. ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದೆ, ಒಲೆಯ ಮೇಲೆ ಕಾವಲಿಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತೆ. ಆ ಕಾವಲಿಯಲ್ಲಿ ಮತ್ತೆ ದೋಸೆ ಹೊಯ್ಯಬೇಡಿ, ಬೇರೆ ಇಟ್ಟುಕೊಳ್ಳಿ.

ವಾಪಸ್ ಹೋಗದೆ ಉಳಿದದ್ದು ಮರದ ಕೊಳಗ. ಬಾಯಿಗೆ ಸುತ್ತಿದ ಹಿತ್ತಾಳೆ ಪಟ್ಟಿ ಏಪ್ರಿಲ್‌ನಲ್ಲಿ ಲೊಡಲೊಡ ಅನ್ನುತ್ತಿತ್ತು. ಈಗ ಮಳೆ ಹಿಡಿದ ಮೇಲೆ ತಾನಾಗಿಯೇ ಬಿಗಿಯಾಗಿದೆ. ಮೊಳೆ ಹೊಡೆದು ಭದ್ರ ಮಾಡಿ ಕೊಟ್ಟುಬಿಡೋಣ ಅಂದೆ. ಆಚಾರ್ರು ಬೇಡ ಅಂದರು. ಮರ ಈಗ ನೀರು ಕುಡಿದು ಉಬ್ಬಿದೆ, ಈಗ ಮೊಳೆ ಹೊಡೆದರೆ ಬೇಸಿಗೆಯಲ್ಲಿ ಸೀಳುತ್ತಂತೆ. ಕೊಳಗದ ಮನೆಯವರಿಗೆ ಫೋನ್ ಮಾಡಿ ದೀಪಾವಳಿ ಕಳೀಲಿ ಅಂತ ಹೇಳಿದ್ದೇನೆ.